ಅಳತೆಯೂ ಕಟ್ಟೂ: ಡಂಬಳದ ಗುಡಿಯಿಂದ ಗಣಕಯಂತ್ರದ ನಕ್ಷೆಯವರೆಗೆ

ಧಾರವಾಡದಿಂದ ಅಳ್ನಾವರದ ಕಡೆಗೆ ಹೋಗುವ ರೇಲ್ವೆ ಹಾದಿಯ ಮೇಲಿರುವ ಮುಗದವು ಇಂದು ತನ್ನ ದೊಡ್ಡ ಕೆರೆಯಿಂದಲೂ ಭತ್ತದ ಸಂಶೋಧನ ಕೇಂದ್ರದಿಂದಲೂ ಪರಿಚಿತವಾದ ಊರು. ಶಾಸನಗಳ ಕಾಲದಲ್ಲಿ ಇದಕ್ಕೆ ಮುಗುಂದವೆಂದು ಹೆಸರು. ಮೂವತ್ತು ಹಳ್ಳಿಗಳ ಒಂದು ನಾಡಿಗೆ ಇದು ಮುಖ್ಯ ಸ್ಥಳವಾಗಿದ್ದಿತು. ಚಾಲುಕ್ಯ ಒಂದನೆಯ ಸೋಮೇಶ್ವರನ ಆಳಿಕೆಯಲ್ಲಿ, ಕ್ರಿ. ಶ. ೧೦೪೫ರಲ್ಲಿ ಹುಟ್ಟಿದ ಶಾಸನವು ಇಲ್ಲಿಯ ಸಮ್ಯಕ್ತ್ವರತ್ನಾಕರವೆಂಬ ಚೈತ್ಯಾಲಯವನ್ನೂ ಅದಕ್ಕೆ ಸೇರಿದ ನಾಟಕಶಾಲೆಯನ್ನೂ ಹೆಸರಿಸುತ್ತದೆ. ಕಟ್ಟಿಸಿದವರು ಯಾರು, ದಾನ ಪಡೆದ ಗುರುಗಳು ಯಾರು ಎಂಬದನ್ನು ಕಲ್ಲಿನಲ್ಲಿ ಬರೆದಿಟ್ಟವರು, ಕಟ್ಟಡದ ಮೂಲೆಗಳನ್ನು ಶಿಲ್ಪಿಯು ಯಾವ ಕ್ರಮದಿಂದ ಗೊತ್ತುಮಾಡಿದನೆಂಬದನ್ನು ಮಾತ್ರ ಬರೆಯಲಿಲ್ಲ. ಅದನ್ನು ಬರೆಯುವದು ಶಾಸನಗಳ ರೂಢಿಯೂ ಅಲ್ಲ. ಆ ಸಂಗತಿಯನ್ನು ತಿಳಿಯಬೇಕಾದವರು ನಿಂತಿರುವ ಗುಡಿಯನ್ನೇ ಕೇಳಬೇಕು. ಅದಕ್ಕಾಗಿ ಮುಗದದಿಂದ ಪೂರ್ವಕ್ಕೆ ನಡೆದು, ಗದಗನ್ನು ದಾಟಿ, ಡಂಬಳದ ದೊಡ್ಡಬಸಪ್ಪನ ಗುಡಿಯ ಮುಂದೆ ನಿಲ್ಲುವದು ಲೇಸು.

ಈ ವಿಚಾರವು ಕೇವಲ ಹಳಮೆಯದೆಂದು ಯಾರೂ ತಿಳಿಯಬಾರದು. ಇಂದು ಗಣಕಯಂತ್ರದ ತೆರೆಯ ಮೇಲೆ ಯಂತ್ರದ ಭಾಗವನ್ನೋ ಕುರ್ಚಿಯ ಚೌಕಟ್ಟನ್ನೋ ಬರೆಯುವ ಇಂಜಿನಿಯರನು ಮೊದಲು ಕೈಗೆ ಬಂದಂತೆ ಗೆರೆ ಎಳೆದು, ಆಮೇಲೆ ಆ ಗೆರೆಗಳಿಗೆ ಕಟ್ಟುಗಳನ್ನು ವಿಧಿಸುತ್ತಾನೆ: ಇದು ಅದಕ್ಕೆ ಸಮಾನಾಂತರವಾಗಿರಲಿ, ಇವೆರಡೂ ಸಮನಾಗಿರಲಿ, ಈ ತುದಿ ಆ ವರ್ತುಳವನ್ನು ಬಿಡದಿರಲಿ. ಒಂದು ಅಳತೆಯನ್ನು ಬದಲಿಸಿದರೆ ಉಳಿದುದೆಲ್ಲ ಕಟ್ಟಿಗೆ ತಕ್ಕಂತೆ ತಾನೇ ಸರಿದುಕೊಳ್ಳುತ್ತದೆ. ಆಕೃತಿಯು ನಿಲ್ಲುವದು ಅಳತೆಯಿಂದಲೋ ಸಂಬಂಧದಿಂದಲೋ ಎಂಬ ಪ್ರಶ್ನೆಯು ಹೀಗೆ ದಿನದ ಕೆಲಸದ ಪ್ರಶ್ನೆಯಾಗಿದೆ.

ಡಂಬಳದ ಗುಡಿಯು ಹನ್ನೆರಡನೆಯ ಶತಮಾನದ್ದು. ಅದರ ವಿಮಾನದ ತಳವು ಇಪ್ಪತ್ನಾಲ್ಕು ಮೊನೆಗಳ ನಕ್ಷತ್ರ. ಪ್ರವೇಶದ ಕಡೆಯ ಕೆಲವು ಮೊನೆಗಳು ಕಟ್ಟಡದೊಳಗೆ ಸೇರಿ ಮರೆಯಾಗಿದ್ದರೂ, ಸುತ್ತಿ ಬಂದವನಿಗೆ ಹಲ್ಲುಗಾಲಿಯೊಂದನ್ನು ಅಡ್ಡ ಮಲಗಿಸಿದಂತೆ ತೋರುವದು. ಇದನ್ನು ಬರೆಯುವ ಬಗೆ ಬಹು ಸರಳ. ಒಂದು ಚೌಕವನ್ನು ಅದರ ನಡುಬಿಂದುವಿನ ಸುತ್ತ ಹದಿನೈದು ಹದಿನೈದು ಅಂಶಗಳಂತೆ ತಿರುಗಿಸಬೇಕು. ಆರು ಚೌಕಗಳಾಗುವಷ್ಟರಲ್ಲಿ ಇಪ್ಪತ್ನಾಲ್ಕು ಮೂಲೆಗಳೂ ಮುಗಿದು, ಏಳನೆಯದು ಮೊದಲಿನದರ ಮೇಲೆಯೇ ಬಂದು ಕೂಡುವದು. ಪ್ರತಿಯೊಂದು ಮೊನೆಯೂ ಚೌಕದ ಮೂಲೆಯಾದುದರಿಂದ ೯೦ ಅಂಶದ್ದು. ಎರಡು ಮೊನೆಗಳ ನಡುವಿನ ಸಂದು ೧೦೫ ಅಂಶದ್ದು. ಗೂಟ, ಹಗ್ಗ, ಮೂಲೆಮಟ್ಟಗಳಿದ್ದರೆ ಸಾಕು.

ಇಲ್ಲಿ ಸ್ವಲ್ಪ ಲೆಕ್ಕ ಮಾಡಿ ನೋಡತಕ್ಕದ್ದು. ಮೊನೆಗಳು ೨೪, ಸಂದುಗಳು ೨೪, ಕೂಡಿ ೪೮ ಬಿಂದುಗಳು. ನೆಲದ ಮೇಲೆ ಒಂದು ಬಿಂದುವನ್ನು ಹೇಳಲು ಎರಡು ಅಂಕೆಗಳು ಬೇಕಾದುದರಿಂದ ಒಟ್ಟು ೯೬ ಅಂಕೆಗಳು. ಆದರೆ ಮೊನೆಗಳೆಲ್ಲ ಒಂದೇ ವರ್ತುಳದ ಮೇಲಿರಲಿ, ಅವುಗಳ ಅಂತರ ಸಮನಾಗಿರಲಿ, ಪ್ರತಿ ಮೊನೆಯೂ ನೇರ ಮೂಲೆಯಾಗಿದ್ದು ನಡುವಿಗೆ ಸರಿಯಾಗಿ ಮುಖಮಾಡಿರಲಿ ಎಂದು ವಿಧಿಸಿದೊಡನೆ ಆ ೯೬ರಲ್ಲಿ ಉಳಿಯುವವು ನಾಲ್ಕೇ: ನಡುಬಿಂದುವಿಗೆ ಎರಡು, ದಿಕ್ಕಿಗೆ ಒಂದು, ವ್ಯಾಸಾರ್ಧಕ್ಕೆ ಒಂದು. ನಡುವನ್ನು ಗರ್ಭಗೃಹವೂ ದಿಕ್ಕನ್ನು ಬಾಗಿಲೂ ಗೊತ್ತುಮಾಡಿದ ಮೇಲೆ ಶಿಲ್ಪಿಯ ಕೈಯಲ್ಲಿ ಉಳಿದದ್ದು ಹಗ್ಗದ ಉದ್ದವೊಂದೇ. ಅದನ್ನು ಹಿಗ್ಗಿಸಿದರೆ ದೊಡ್ಡ ಗುಡಿ, ಕುಗ್ಗಿಸಿದರೆ ಚಿಕ್ಕ ಗುಡಿ.

ಹೆನ್ರಿ ಕಝೆನ್ಸರು ೧೯೨೬ರಲ್ಲಿ ಪ್ರಕಟಿಸಿದ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವಿನ ಗ್ರಂಥದಿಂದ ಮೊದಲುಗೊಂಡು ಈ ಗುಡಿಗಳನ್ನು ಅಳೆದು ಬರೆದವರ ಉಪಕಾರವು ದೊಡ್ಡದು. ಆದರೂ ಅಳತೆಯ ಪಟ್ಟಿಯೊಂದೇ ಕೈಯಲ್ಲಿದ್ದವನಿಗೆ ಮುರಿದುಹೋದ ಮೊನೆಯನ್ನು ತಿರುಗಿ ಕೂಡಿಸುವದು ಸಾಧ್ಯವಿಲ್ಲ, ಯಾಕಂದರೆ ಇಲ್ಲದ ಕಲ್ಲನ್ನು ಅಳೆಯಲು ಬಾರದು. ಕಟ್ಟನ್ನು ಅರಿತವನಿಗೆ ಇಪ್ಪತ್ಮೂರು ಮೊನೆಗಳು ಇಪ್ಪತ್ನಾಲ್ಕನೆಯದನ್ನು ಹೇಳುತ್ತವೆ. ಜೀರ್ಣೋದ್ಧಾರದ ಹೆಸರಿನಲ್ಲಿ ಹೊಸ ಕಲ್ಲು ಕೂಡಿಸುವವರು ಈ ಭೇದವನ್ನು ಮನಸ್ಸಿಗೆ ತರಬೇಕು.

ನೆಲದ ಮಾತು ಇಷ್ಟಾಯಿತು. ಗುಡಿಯು ಮೇಲಕ್ಕೆ ಏಳಬೇಕಷ್ಟೆ. ಡಂಬಳದಲ್ಲಿ ಆ ನಕ್ಷತ್ರವೇ ಏಳು ನೆಲೆಗಳವರೆಗೆ ಕುಗ್ಗುತ್ತ ಏರುವದು. ಶಿಲ್ಪಿಯು ಅಂತರಿಕ್ಷದಲ್ಲಿ ಓರೆಗೆರೆ ಎಳೆಯುವ ಸಾಹಸಕ್ಕೆ ಹೋಗದೆ, ಪ್ರತಿ ನೆಲೆಯನ್ನೂ ಮಟ್ಟಮಾಡಿ, ಅದರ ಮೇಲೆ ಸಮತಲದ ನಕ್ಷತ್ರವನ್ನು ಬರೆದು, ನಡುಬಿಂದುಗಳನ್ನೆಲ್ಲ ಒಂದೇ ತೂಗುಗುಂಡಿನ ದಾರಕ್ಕೆ ಕಟ್ಟಿದರೆ ಸಾಕಾಗುವಂತೆ ಆ ರಚನೆಯಿದೆ. ಇದರಲ್ಲಿ ಎಷ್ಟು ಜಾಣತನವಿದೆಯೆಂಬದು ಮುಂದಿನ ಸಂಗತಿಯಿಂದ ತಿಳಿಯುವದು.

ಗಣಕಯಂತ್ರಕ್ಕೆ ಕಟ್ಟುಗಳ ಭಾಷೆಯನ್ನು ಮೊದಲು ಕಲಿಸಿದವರಲ್ಲಿ ಅಮೇರಿಕೆಯ ಐವನ್ ಸದರ್ಲ್ಯಾಂಡರು ಅಗ್ರಗಣ್ಯರು. ಮ್ಯಾಸಚುಸೆಟ್ಸ್ ತಾಂತ್ರಿಕ ಸಂಸ್ಥೆಗೆ ೧೯೬೩ರಲ್ಲಿ ಅವರು ಒಪ್ಪಿಸಿದ 'ಸ್ಕೆಚ್‌ಪ್ಯಾಡ್' ಎಂಬ ಪ್ರಬಂಧದಲ್ಲಿ, ಬೆಳಕಿನ ಲೇಖನಿಯಿಂದ ತೆರೆಯ ಮೇಲೆ ಸೊಟ್ಟಸೊಟ್ಟಾಗಿ ಎಳೆದ ನಾಲ್ಕು ಗೆರೆಗಳು ಲಂಬ, ಸಮ ಎಂಬ ಆಜ್ಞೆಗಳನ್ನು ಪಡೆದು ಶುದ್ಧ ಚೌಕವಾಗುವ ವಿಧಾನವುಂಟು. ಯಂತ್ರವು ಪ್ರತಿ ಕಟ್ಟಿನ ತಪ್ಪನ್ನು ಅಳೆದು, ಬಿಂದುಗಳನ್ನು ಸ್ವಲ್ಪ ಸ್ವಲ್ಪವೇ ಸರಿಸಿ, ತಪ್ಪು ಅಳಿಯುವವರೆಗೆ ದುಡಿಯುತ್ತಿದ್ದಿತು. ಅದೇ ವರ್ಷ ಅದೇ ಸಂಸ್ಥೆಯ ಟಿಮೊಥಿ ಜಾನ್ಸನ್ನರು ಮೂರು ಆಯಾಮಗಳ ಆಕೃತಿಯನ್ನು ತೆರೆಗೆ ತಂದರು. ಸ್ಯಾಮ್ಯುಅಲ್ ಗೈಸ್‌ಬರ್ಗ್ ಎಂಬ, ರಶಿಯಾದಿಂದ ವಲಸೆ ಬಂದ ಗಣಿತಜ್ಞರು ೧೯೮೫ರಲ್ಲಿ ಕಂಪನಿಯೊಂದನ್ನು ಸ್ಥಾಪಿಸಿದರು. ಆ ದಶಕದ ಕೊನೆಗೆ ಅದರ 'ಪ್ರೊ ಇಂಜಿನಿಯರ್' ಹೊರಬಂದ ಮೇಲೆ ಈ ಪದ್ಧತಿಯು ಕಾರಖಾನೆಗಳ ಸೊತ್ತಾಯಿತು.

ಆದರೆ ಎಷ್ಟು ಕಟ್ಟುಗಳು ಸಾಕು? ಇದಕ್ಕೆ ಎಣಿಕೆಯ ಉತ್ತರವನ್ನು ೧೮೬೪ರಲ್ಲೇ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ಲರು ಸರಳುಗಳ ಚೌಕಟ್ಟುಗಳ ವಿಷಯದಲ್ಲಿ ಕೊಟ್ಟಿದ್ದರು. ಸಮತಲದಲ್ಲಿ ಬಿಂದುಗಳ ಸಂಖ್ಯೆಯ ಇಮ್ಮಡಿಯಿಂದ ಮೂರನ್ನು ಕಳೆಯಬೇಕು. ಅಂತರಿಕ್ಷದಲ್ಲಿ ಮುಮ್ಮಡಿಯಿಂದ ಆರನ್ನು ಕಳೆಯಬೇಕು. ಕಳೆದ ಮೂರು ಅಥವಾ ಆರು, ಇಡಿಯ ಆಕೃತಿಯು ಒಡೆಯದೆ ಜರುಗುವ ಮತ್ತು ತಿರುಗುವ ಸ್ವಾತಂತ್ರ್ಯಗಳು. ಸಮತಲದಲ್ಲಿ ಈ ಎಣಿಕೆಯನ್ನು ಆಕೃತಿಯ ಒಳಭಾಗಗಳಿಗೂ ಒಂದೊಂದಾಗಿ ಅನ್ವಯಿಸಿದರೆ ಅದು ಮೋಸಮಾಡುವದಿಲ್ಲವೆಂದು ೧೯೨೭ರಲ್ಲಿ ಹಿಲ್ಡಾ ಪೊಲಾಚೆಕ್-ಗೈರಿಂಗರರೂ ೧೯೭೦ರಲ್ಲಿ ಲಾಮನ್ನರೂ ತೋರಿಸಿದರು.

ಅಂತರಿಕ್ಷದಲ್ಲಿ ಅದು ಮೋಸಮಾಡುತ್ತದೆ. ಕಡ್ಡಿಗಳಿಂದ ಒಂದು ಪೆಟ್ಟಿಗೆಯ ಚೌಕಟ್ಟು ಮಾಡಿದರೆ ಮೂಲೆಗಳು ಎಂಟು, ಕಡ್ಡಿಗಳು ಹನ್ನೆರಡು, ಬೇಕಾದವು ಹದಿನೆಂಟು. ಆರೂ ಮುಖಗಳಿಗೆ ಒಂದೊಂದು ಕರ್ಣದ ಕಡ್ಡಿಯನ್ನು ಕೂಡಿಸಿದರೆ ಹದಿನೆಂಟಾಗಿ ಪೆಟ್ಟಿಗೆಯು ಅಲುಗದೆ ನಿಲ್ಲುವದು. ಇನ್ನು ಅವೇ ಎಂಟು ಬಿಂದುಗಳನ್ನೂ ಹದಿನೆಂಟು ಕಡ್ಡಿಗಳನ್ನೂ ಬೇರೆ ಬಗೆಯಿಂದ ಜೋಡಿಸೋಣ. ಮೂರು ಕಡ್ಡಿಗಳ ತ್ರಿಕೋನ. ಅದರ ಮೂರೂ ಮೂಲೆಗಳಿಂದ ಮೇಲಿನ ಒಂದು ತುದಿಗೂ ಕೆಳಗಿನ ಒಂದು ತುದಿಗೂ ಕಡ್ಡಿಗಳು: ಒಟ್ಟು ಒಂಬತ್ತು. ಅಂಥದೇ ಇನ್ನೊಂದನ್ನು ಮಾಡಿ, ಎರಡಕ್ಕೂ ಮೇಲಿನ ತುದಿಯೊಂದೇ, ಕೆಳಗಿನ ತುದಿಯೊಂದೇ ಆಗುವಂತೆ ಕೂಡಿಸಬೇಕು. ಎರಡು ಬಾಳೆಯ ಹಣ್ಣುಗಳನ್ನು ಎರಡೂ ತುದಿಗಳಲ್ಲಿ ಕಟ್ಟಿದಂತೆ ಕಾಣುವ ಇದಕ್ಕೆ ಗಣಿತಜ್ಞರು ಜೋಡಿ ಬಾಳೆಹಣ್ಣೆಂದೇ ಹೆಸರಿಟ್ಟಿದ್ದಾರೆ. ಬಿಂದು ಎಂಟು, ಕಡ್ಡಿ ಹದಿನೆಂಟು, ಎಣಿಕೆ ಸರಿ; ಆದರೂ ಒಂದು ಹಣ್ಣು ಇನ್ನೊಂದರ ಸುತ್ತ ಬಾಗಿಲಿನಂತೆ ತಿರುಗುವದು! ಮೇಲಿನ ತುದಿಗೂ ಕೆಳಗಿನ ತುದಿಗೂ ಇರುವ ದೂರವನ್ನು ಎರಡು ಹಣ್ಣುಗಳೂ ಬೇರೆ ಬೇರೆಯಾಗಿ ಗೊತ್ತುಮಾಡುವವು. ಹೇಳಿದ್ದನ್ನೇ ಎರಡು ಸಲ ಹೇಳಿದುದರಿಂದ ಒಂದು ಕಟ್ಟು ವ್ಯರ್ಥವಾಯಿತು, ಬೇಕಾದ ಕಡೆಗೆ ಒಂದು ಕಡಿಮೆಬಿದ್ದಿತು.

ಇಂಥ ತೊಡಕುಗಳನ್ನೆಲ್ಲ ಎಣಿಕೆಯಿಂದಲೇ ಹಿಡಿಯುವ ಪೂರ್ಣ ನಿಯಮವು ಮೂರು ಆಯಾಮಗಳಿಗೆ ಈವರೆಗೂ ಸಿಕ್ಕಿಲ್ಲ. ಇದರ ಫಲವನ್ನು ನಕ್ಷೆಗಾರನು ಉಣ್ಣುತ್ತಾನೆ. ಕಾಗದದ ಮೇಲೆ ಒಂದಕ್ಕೊಂದು ಲಂಬವಾದ ಎರಡು ಗೆರೆಗಳು ಬೆಳೆಸಿದಲ್ಲಿ ಕೂಡಲೇಬೇಕು. ಅಂತರಿಕ್ಷದಲ್ಲಿ ಅವು ಕೂಡದೆಯೂ ಲಂಬವಾಗಿರಬಲ್ಲವು. ಅಡ್ಡ ಗೆರೆಯೆಂಬ ಮಾತಿಗೂ ಅಲ್ಲಿ ಒಂದೇ ಅರ್ಥವಿಲ್ಲ. ಯಾವ ಅಕ್ಷದ ಗುಂಟ, ಯಾವ ತಲದ ಮೇಲೆ ಎಂದು ಬಿಡಿಸಿ ಹೇಳಬೇಕು. ಆದುದರಿಂದ ಅನುಭವವುಳ್ಳವರು ಮೊದಲು ತಲಗಳನ್ನು ಸ್ಥಾಪಿಸಿ, ಗೆರೆಗಳನ್ನು ಆದಷ್ಟು ಅವುಗಳಿಗೆ ಅಂಟಿಸಿ, ಉಳಿದ ಒಂದೆರಡನ್ನು ಮಾತ್ರ ಅಂತರಿಕ್ಷಕ್ಕೆ ಬಿಡುತ್ತಾರೆ. ಡಂಬಳದ ಏಳು ನೆಲೆಗಳಿಗೆ ಒಪ್ಪುವ ಕ್ರಮವೂ ಇದೇ.

೧೯೯೫ರಲ್ಲಿ ಬಂದ 'ಸಾಲಿಡ್‌ವರ್ಕ್ಸ್'ನಲ್ಲಿ ಕಟ್ಟು ಸಾಲದ ಗೆರೆಯು ನೀಲಿಯಾಗಿಯೂ ಪೂರ್ತಿ ಕಟ್ಟುಬಿದ್ದ ಗೆರೆಯು ಕಪ್ಪಾಗಿಯೂ ತೋರುವದು. ನಕ್ಷೆಯೆಲ್ಲ ಕಪ್ಪಾಗಿ ಒಂದೇ ಗೆರೆಯು ನೀಲಿಯಾಗಿ ಉಳಿದಾಗ ಪಳಗಿದ ನಕ್ಷೆಗಾರನು ಹೊಸ ಅಳತೆಯನ್ನು ತುರುಕಲು ಅವಸರಪಡುವದಿಲ್ಲ. ಆ ಗೆರೆಯ ತುದಿಯನ್ನು ಹಿಡಿದು ಮೆಲ್ಲಗೆ ಎಳೆದು, ಅದು ಯಾವ ಕಡೆಗೆ ಜಾರುವದೆಂದು ನೋಡುತ್ತಾನೆ.