ವಂಚನೆ ಪ್ರಕರಣ: ಶಿಕ್ಷೆಯಾದರೂ ಹಣ ಮರಳುವುದೇ?

ನಿವೇಶನ ಕೊಡಿಸುವುದಾಗಿಯೋ ಉದ್ಯೋಗ ದೊರಕಿಸುವುದಾಗಿಯೋ ನಂಬಿಸಿ ಹಣ ಪಡೆದವನ ವಿರುದ್ಧ ದೂರು ನೀಡುವವರ ನಿರೀಕ್ಷೆ ಒಂದೇ: ಕಳೆದುಕೊಂಡ ಹಣ ಮರಳಿ ಬರಬೇಕು. ಆದರೆ ಕ್ರಿಮಿನಲ್ ಮೊಕದ್ದಮೆಯ ಉದ್ದೇಶ ಅಪರಾಧಿಗೆ ಶಿಕ್ಷೆ ವಿಧಿಸುವುದೇ ಹೊರತು ಹಣ ವಸೂಲಿಯಲ್ಲ. ಪರಿಹಾರಕ್ಕೆ ಅವಕಾಶವಿದೆಯಾದರೂ ಅದಕ್ಕೆ ಹಲವು ಮಿತಿಗಳಿವೆ.

ದಂಡ ಪ್ರಕ್ರಿಯಾ ಸಂಹಿತೆಯ 357ನೇ ಕಲಮಿನ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 395ನೇ ಕಲಂ ಜಾರಿಯಲ್ಲಿದೆ. ಅದರಂತೆ ಪರಿಹಾರಕ್ಕೆ ಎರಡು ದಾರಿಗಳುಂಟು. ಶಿಕ್ಷೆಯಲ್ಲಿ ದಂಡ ಸೇರಿದ್ದರೆ ಆ ದಂಡದ ಹಣದಿಂದಲೇ ಪರಿಹಾರ ಕೊಡಿಸಬಹುದು. ದಂಡ ಸೇರಿರದಿದ್ದರೆ ನ್ಯಾಯಾಲಯ ಪ್ರತ್ಯೇಕ ಪರಿಹಾರ ನಿಗದಿಪಡಿಸಬಹುದು. ಈ ಮೊತ್ತಕ್ಕೆ ಕಾನೂನಿನಲ್ಲಿ ಗರಿಷ್ಠ ಮಿತಿ ಇಲ್ಲ.

ತೊಡಕು ಇರುವುದು ಇಲ್ಲಿಯೇ. ವಂಚನೆಗೆ ಏಳು ವರ್ಷಗಳವರೆಗೆ ಸಜೆಯೊಂದಿಗೆ ದಂಡವನ್ನೂ ಭಾರತೀಯ ನ್ಯಾಯ ಸಂಹಿತೆಯ 318(4)ನೇ ಕಲಂ ಹೇಳುತ್ತದೆ. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ವಿಧಿಸಬಹುದಾದ ದಂಡ ಗರಿಷ್ಠ 50,000 ರೂ.; ಹಿಂದಿನ ಸಂಹಿತೆಯಲ್ಲಿ ಇದು 10,000 ರೂ. ಇತ್ತು. ಹೀಗಾಗಿ ಐದು ಲಕ್ಷ ಕಳೆದುಕೊಂಡವರಿಗೂ ದಂಡದಿಂದ ದಕ್ಕುವುದು ಅಷ್ಟರೊಳಗೆ. ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರಿಗೆ ಈ ಮಿತಿ ಅನ್ವಯಿಸದು.

ದಂಡ ಎಷ್ಟೇ ಅಲ್ಪವಾಗಿದ್ದರೂ, ಒಮ್ಮೆ ವಿಧಿಸಿದ ಮೇಲೆ ಪ್ರತ್ಯೇಕ ಪರಿಹಾರ ಸಲ್ಲದು ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಅದು 20,000 ರೂ.ಗಳ ಚೆಕ್ ಅಮಾನ್ಯ ಪ್ರಕರಣ. ಮ್ಯಾಜಿಸ್ಟ್ರೇಟರು 2,000 ರೂ. ದಂಡದ ಜತೆಗೆ ಕೊಡಿಸಿದ್ದ 20,000 ರೂ. ಪರಿಹಾರದ ಆದೇಶ ಉಳಿಯಲಿಲ್ಲ.

ಪ್ರತ್ಯೇಕ ಪರಿಹಾರ ನಿಗದಿ ಮಾಡುವಾಗಲೂ ಅಪರಾಧಿಯ ಪಾವತಿ ಸಾಮರ್ಥ್ಯವನ್ನು ಗಮನಿಸಬೇಕೆಂದು 1988ರ ತೀರ್ಪೊಂದು ಹೇಳಿದೆ. ಮೇಲ್ಮನವಿಗೆ ಅವಕಾಶವಿರುವ ಪ್ರಕರಣಗಳಲ್ಲಿ ಅದರ ಅವಧಿ ಮುಗಿಯುವವರೆಗೆ, ಮೇಲ್ಮನವಿ ಸಲ್ಲಿಕೆಯಾದರೆ ಇತ್ಯರ್ಥವಾಗುವವರೆಗೆ, ದಂಡದ ಹಣ ಸಂತ್ರಸ್ತರ ಕೈಸೇರದು.

ಹೊಸ ಸಂಹಿತೆಯ 107ನೇ ಕಲಂ ಅಪರಾಧದಿಂದ ಗಳಿಸಿದ ಆಸ್ತಿಯನ್ನು ಜಪ್ತಿ ಮಾಡಿ, ಜಿಲ್ಲಾ ಮ್ಯಾಜಿಸ್ಟ್ರೇಟರ ಮೂಲಕ ಸಂತ್ರಸ್ತರಿಗೆ ಹಂಚಲು ಅವಕಾಶ ನೀಡಿದೆ. ಹಣಕಾಸು ಸಂಸ್ಥೆಗಳಲ್ಲಿ ಠೇವಣಿ ಇಟ್ಟು ಮೋಸಹೋದವರಿಗೆ ರಾಜ್ಯದಲ್ಲಿ 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆಯೂ ಇದೆ. ಆದರೆ ಆಸ್ತಿಯೇ ಪತ್ತೆಯಾಗದಿದ್ದರೆ ಹಂಚುವುದಕ್ಕೆ ಏನೂ ಉಳಿಯದು.

ಆದ್ದರಿಂದ ದೂರು ನೀಡಿದ ಮಾತ್ರಕ್ಕೆ ಸುಮ್ಮನಿರುವುದು ಸರಿಯಲ್ಲ. ಹಣ ವಸೂಲಿಗೆ ಸಿವಿಲ್ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿ ಇದೆ. ವಂಚನೆಯನ್ನೇ ಆಧರಿಸಿದ ದಾವೆಗೆ ಅದು ಬಯಲಾದ ದಿನದಿಂದ ಎಣಿಕೆ. ಕ್ರಿಮಿನಲ್ ವಿಚಾರಣೆ ನಡೆಯುತ್ತಿದೆ ಎಂಬ ಕಾರಣಕ್ಕೆ ಈ ಗಡುವು ನಿಲ್ಲುವುದಿಲ್ಲ. ಶಿಕ್ಷೆಯ ತೀರ್ಪು ಬರುವ ಹೊತ್ತಿಗೆ ದಾವೆಯ ಹಕ್ಕೇ ಕೈತಪ್ಪಿರಬಹುದು.