ಮುಂದಿನ ಬ್ರೇಕ್ ಮುಟ್ಬೇಡ ಅಂದೋರು ಯಾರು?

ಇಯರ್‌ಫೋನ್ ಹಾಕ್ಕೊಂಡು ಗಾಡಿ ಓಡಿಸ್ತಾ ಇದನ್ನ ಕೇಳ್ತಿದ್ರೆ, ದಯವಿಟ್ಟು ಈಗ್ಲೇ ಆಫ್ ಮಾಡಿ. ಮನೆಗೆ ಹೋಗಿ ಕೇಳಿ. ಎಪಿಸೋಡ್ ಎಲ್ಲೂ ಓಡಿ ಹೋಗಲ್ಲ.

ಹೋದ ತಿಂಗಳು ನಮ್ಮ ಚಿಕ್ಕಪ್ಪನ ಮಗಳಿಗೆ 18 ತುಂಬ್ತು. ಎಲ್‌ಎಲ್‌ಆರ್ ಕೈಗೆ ಬಂದ ದಿನವೇ ಫೋನ್ ಮಾಡಿದ್ಲು. "ಅಕ್ಕ, ನಂಗೆ ಬೈಕ್ ಕಲಿಸ್ಕೊಡ್ತೀಯಾ?" ಹ್ಞೂಂ ಅಂದೆ. ಆಮೇಲೆ ಯೋಚನೆ ಶುರುವಾಯ್ತು. ನಾನು ಕಲಿತದ್ದನ್ನೇ ಇವಳಿಗೆ ಕಲಿಸೋದಾ?

ನಂಗೆ ಕಲಿಸಿದ್ದು ಅವಳಪ್ಪನೇ. ಭಾನುವಾರ ಬೆಳಗ್ಗೆ, ಲೇಔಟಿನ ಖಾಲಿ ರಸ್ತೆ, ಅರ್ಧ ಗಂಟೆ ಪಾಠ. ಕ್ಲಚ್ಚು, ಗೇರು, ಕೊನೆಗೆ ಒಂದು ಎಚ್ಚರಿಕೆ: "ಮುಂದಿನ ಬ್ರೇಕ್ ಮಾತ್ರ ಮುಟ್ಬೇಡಮ್ಮ, ಪಲ್ಟಿ ಹೊಡೀತೀಯ." ನಾನು ಮುಟ್ಟಲಿಲ್ಲ. ಎರಡು ತಿಂಗಳಾದ ಮೇಲೆ ಒಂದು ಸಂಜೆ, ಎದುರಿಂದ ಬರ್ತಿದ್ದ ಕಾರು ಸಡನ್ನಾಗಿ ನನ್ನ ಮುಂದೆಯೇ ಬಲಕ್ಕೆ ತಿರುಗ್ತು. ನಾನು ಹಿಂದಿನ ಬ್ರೇಕನ್ನ ಜೋರಾಗಿ ಒತ್ತಿದೆ. ಚಕ್ರ ಲಾಕ್ ಆಯ್ತು, ಗಾಡಿ ಅಡ್ಡಡ್ಡ ಜಾರ್ತು. ಭುಜದ ಮೂಳೆ ಮುರೀತು. ಹೆಲ್ಮೆಟ್ ಇತ್ತು, ತಲೆ ಉಳೀತು. ಮನೇಲಿ ಎಲ್ಲರೂ "ಗ್ರಹಚಾರ" ಅಂದ್ರು.

ಗ್ರಹಚಾರ ಅಲ್ಲ ಅಂತ ನಂಗೆ ಗೊತ್ತಾಗಿದ್ದು ತುಂಬಾ ತಡವಾಗಿ. ನನ್ನ ಆ ಎರಡು ಸೆಕೆಂಡಿನ ಕಥೆಯನ್ನ ಅಮೆರಿಕದಲ್ಲಿ ಒಬ್ಬರು 1981ರಲ್ಲೇ ಬರೆದಿಟ್ಟಿದ್ರು. ಅವರ ಹೆಸರು ಹ್ಯಾರಿ ಹರ್ಟ್. ನಿಜವಾಗ್ಲೂ ಹೆಸರೇ ಹರ್ಟ್.

ಹರ್ಟ್ ಲಾಸ್ ಏಂಜಲೀಸ್‌ನ ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾದಲ್ಲಿ ಪ್ರೊಫೆಸರ್ ಆಗಿದ್ರು. ಅಮೆರಿಕದ ನೌಕಾಪಡೆಯ ಪೈಲಟ್‌ಗಳಿಗೆ ವಿಮಾನ ಹಾರಾಟದ ವಿಜ್ಞಾನದ ಪಠ್ಯಪುಸ್ತಕ ಬರೆದಿದ್ದವರು. ವಿಮಾನ ಬಿದ್ರೆ ಯಾರೂ ಗ್ರಹಚಾರ ಅಂತ ಸುಮ್ಮನಾಗಲ್ಲ. ಯಾಕೆ ಬಿತ್ತು ಅಂತ ಚೂರು ಚೂರು ಹುಡುಕ್ತಾರೆ. ಬೈಕ್ ಬಿದ್ದಾಗ ಯಾಕೆ ಹಾಗೆ ಮಾಡಲ್ಲ?

ಅಮೆರಿಕದ ಹೆದ್ದಾರಿ ಸುರಕ್ಷತೆ ಇಲಾಖೆ ದುಡ್ಡು ಕೊಡ್ತು. 1976-77ರಲ್ಲಿ ಹರ್ಟ್ ಅವರ ತಂಡ ಲಾಸ್ ಏಂಜಲೀಸ್‌ನಲ್ಲಿ 900 ಬೈಕ್ ಅಪಘಾತಗಳ ಜಾಗಕ್ಕೇ ಹೋಗಿ ತನಿಖೆ ಮಾಡ್ತು. ಟೈರ್ ಜಾರಿದ ಗುರುತು ಅಳೆದ್ರು, ಗಾಡಿ ನೋಡಿದ್ರು, ಹೆಲ್ಮೆಟ್ ನೋಡಿದ್ರು, ಗಾಯಗಳ ವಿವರ ತಗೊಂಡ್ರು. ಅದರ ಜೊತೆಗೆ 3,600 ಪೊಲೀಸ್ ವರದಿಗಳನ್ನೂ ಓದಿದ್ರು.

ನಾನು ಬಿಕಾಂ ಓದಿದವಳು, ಅದಕ್ಕೆ ನಂಗೆ ತುಂಬಾ ಇಷ್ಟವಾದದ್ದು ಮುಂದಿನ ಹೆಜ್ಜೆ. ಬರೀ ನಷ್ಟದ ಕಾಲಂ ನೋಡಿದ್ರೆ ವ್ಯಾಪಾರ ಹೇಗಿದೆ ಅಂತ ಗೊತ್ತಾಗುತ್ತಾ? ಇಲ್ಲ. ಹಾಗೇ ಬಿದ್ದೋರನ್ನ ಮಾತ್ರ ಎಣಿಸಿದ್ರೆ ಸಾಲದು. ಅದಕ್ಕೇ ಅವರು ಅಪಘಾತ ಆದ ಜಾಗಗಳಿಗೆ ಮತ್ತೆ ಹೋಗಿ, ಅದೇ ದಾರೀಲಿ ಬೀಳದೆ ಹೋಗ್ತಿದ್ದ ಎರಡು ಸಾವಿರಕ್ಕೂ ಹೆಚ್ಚು ಸವಾರರ ಲೆಕ್ಕವನ್ನೂ ತಗೊಂಡ್ರು. ಎರಡೂ ಕಾಲಂ ಅಕ್ಕಪಕ್ಕ ಇಟ್ಟು ನೋಡಿದ್ರು.

ಏನು ಸಿಕ್ತು? ಬಿದ್ದೋರಲ್ಲಿ ಶೇ. 92 ಮಂದಿ ತಾವೇ ಕಲಿತೋರು, ಇಲ್ಲಾ ಮನೆಯವರು, ಫ್ರೆಂಡ್ಸ್ ಹತ್ರ ಕಲಿತೋರು. ತರಬೇತಿ ಪಡೆದೋರು ಅಪಘಾತದ ಕಾಲಂನಲ್ಲಿ ಕಮ್ಮಿ, ಅವರಿಗೆ ಆದ ಗಾಯಗಳೂ ಕಮ್ಮಿ. ಅರ್ಧಕ್ಕಿಂತ ಹೆಚ್ಚು ಮಂದಿಗೆ ಬಿದ್ದ ಆ ಗಾಡಿ ಮೇಲೆ ಐದು ತಿಂಗಳ ಅನುಭವವೂ ಇರಲಿಲ್ಲ.

ವೇಗ? ಅರ್ಧದಷ್ಟು ಬೈಕ್‌ಗಳು ಅಪಘಾತಕ್ಕೆ ಮುಂಚೆ ಗಂಟೆಗೆ 48 ಕಿಲೋಮೀಟರ್‌ಗಿಂತ ನಿಧಾನವಾಗೇ ಹೋಗ್ತಿದ್ವು. "ನಾನು ಸ್ಪೀಡಾಗಿ ಹೋಗಲ್ಲ, ನಂಗೇನಾಗುತ್ತೆ" ಅನ್ನೋರು ಇದನ್ನ ಇನ್ನೊಂದ್ಸಲ ಕೇಳಿ. ಅಪಾಯ ಶುರುವಾದಾಗಿಂದ ಡಿಕ್ಕಿ ಆಗೋವರೆಗೆ ಸಿಕ್ಕ ಸಮಯ ಸಾಮಾನ್ಯವಾಗಿ ಎರಡು ಸೆಕೆಂಡಿಗಿಂತ ಕಡಿಮೆ. ಇನ್ನೊಂದು ವಾಹನ ಸೇರಿದ್ದ ಅಪಘಾತಗಳಲ್ಲಿ ಮೂರರಲ್ಲಿ ಎರಡು ಪಾಲು ತಪ್ಪು ಆ ಇನ್ನೊಂದು ವಾಹನದ್ದು. ಕಾರಿನವರಿಗೆ ಬೈಕ್ ಕಾಣಿಸೋದೇ ಇಲ್ಲ, ಮುಂದೆ ತಿರುಗಿಬಿಡ್ತಾರೆ. ಅವರಲ್ಲಿ ಅದು ಎಡ ತಿರುವು, ನಮ್ಮಲ್ಲಿ ಬಲ ತಿರುವು.

ಆ ಎರಡು ಸೆಕೆಂಡಲ್ಲಿ ಸವಾರರು ಏನು ಮಾಡಿದ್ರು? ಬಹಳಷ್ಟು ಜನ ಹಿಂದಿನ ಬ್ರೇಕನ್ನ ಅತಿಯಾಗಿ ಒತ್ತಿ ಚಕ್ರ ಜಾರಿಸಿಕೊಂಡ್ರು, ಮುಂದಿನದನ್ನ ಸರಿಯಾಗಿ ಬಳಸಲೇ ಇಲ್ಲ. ಓದ್ತಾ ಓದ್ತಾ ನಂಗೆ ನನ್ನ ಭುಜ ನೆನಪಾಯ್ತು.

ಕಾರಣ ಸಿಂಪಲ್. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತೆ. ಬಸ್ ಬ್ರೇಕ್ ಹಾಕಿದಾಗ ನಾವು ಮುಂದಕ್ಕೆ ವಾಲಲ್ವಾ, ಹಾಗೆ. ಆಗ ಮುಂದಿನ ಟೈರಿಗೆ ಹಿಡಿತ ಜಾಸ್ತಿ, ಹಿಂದಿನದು ಹಗುರ. ಗಾಡಿ ನಿಲ್ಲಿಸೋ ಶಕ್ತಿ ಹೆಚ್ಚಿರೋದೇ ಮುಂದೆ.

ಹಾಗಂತ ಚಿಕ್ಕಪ್ಪ ಹೇಳಿದ್ದು ಪೂರ್ತಿ ಸುಳ್ಳಲ್ಲ. ಅವರು ಕಲಿತದ್ದು ಮಣ್ಣು ರಸ್ತೆ ಮೇಲೆ. ಜಲ್ಲಿ, ಮರಳು, ತಿರುವಿನಲ್ಲಿ ಮುಂದಿನ ಬ್ರೇಕನ್ನ ಗಬಕ್ಕಂತ ಹಿಡಿದ್ರೆ ಬೀಳೋದೇ. ಆದ್ರೆ "ಗಬಕ್ಕಂತ ಹಿಡೀಬೇಡ" ಅನ್ನೋ ಮಾತು ಬಾಯಿಂದ ಬಾಯಿಗೆ ಬರ್ತಾ "ಮುಟ್ಟಲೇಬೇಡ" ಆಗಿಬಿಟ್ಟಿದೆ. ನಮ್ಮ ಆರ್‌ಟಿಓ ಟೆಸ್ಟಲ್ಲೂ ಕಾಲು ಊರದೆ ಎಂಟು ಹಾಕಿದ್ರೆ ಪಾಸ್. ನಿಧಾನಕ್ಕೆ ಎಂಟು ಹಾಕೋಕೆ ಬ್ಯಾಲೆನ್ಸ್ ಬೇಕು, ನಿಜ. ಆದ್ರೆ ಆ ಎರಡು ಸೆಕೆಂಡಿನ ಪಾಠ ಅದರಲ್ಲಿಲ್ಲ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಬೈಕ್‌ಗಳಿಗೆ ಎಬಿಎಸ್ ಕಡ್ಡಾಯ ಆಗಿದೆ, ಚಕ್ರ ಲಾಕ್ ಆಗದ ಹಾಗೆ ಅದು ತಡೆಯುತ್ತೆ. ಆದ್ರೆ ಮುಂದಿನ ಬ್ರೇಕ್ ಹಿಡಿಯೋದು ನಮ್ಮ ಬೆರಳೇ.

ಇನ್ನೊಂದು. "ಹೆಲ್ಮೆಟ್ ಹಾಕಿದ್ರೆ ಹಾರನ್ ಕೇಳಲ್ಲ, ಪಕ್ಕದ್ದು ಕಾಣಲ್ಲ" ಅಂತೀವಲ್ಲ? ಹರ್ಟ್ ತಂಡ ಅದನ್ನೂ ನೋಡಿತ್ತು. ಹೆಲ್ಮೆಟ್ಟಿಂದ ಕೇಳಿಸದೆ, ಕಾಣಿಸದೆ ಅಪಘಾತ ಆಯ್ತು ಅನ್ನೋದಕ್ಕೆ ಆಧಾರ ಸಿಗಲಿಲ್ಲ. ತಲೆಪೆಟ್ಟು ತಪ್ಪಿಸೋ ಅತಿ ಮುಖ್ಯ ವಸ್ತು ಹೆಲ್ಮೆಟ್ ಅಂತ ಬರೆದ್ರು.

ಹೋದ ಭಾನುವಾರ ತಂಗಿಯ ಮೊದಲ ಪಾಠ. ಖಾಲಿ ಮೈದಾನ, ಹೆಲ್ಮೆಟ್ಟು, ಶೂ, ಗ್ಲೌಸು. ಗಂಟೆಗೆ 20 ಕಿಲೋಮೀಟರ್. ಗಾಡಿ ನೆಟ್ಟಗೆ, ನೋಟ ದೂರಕ್ಕೆ, ಎರಡೂ ಬ್ರೇಕ್ ಒಟ್ಟಿಗೆ, ಮುಂದಿನದನ್ನ ನಿಂಬೆಹಣ್ಣು ಹಿಂಡೋ ಹಾಗೆ ಮೆಲ್ಲಗೆ ಶುರು ಮಾಡಿ ಬಿಗಿ ಮಾಡೋದು. ಮೂವತ್ತು ಸಲ ಮಾಡಿಸಿದೆ. ಅವಳಿಗೆ ಬೋರಾಯ್ತು. ಆಗ್ಲಿ ಬಿಡಿ.

ಚಿಕ್ಕಪ್ಪ ಪಕ್ಕದಲ್ಲೇ ನಿಂತಿದ್ರು. "ಮೂವತ್ತು ವರ್ಷ ಹಿಂದಿನ ಬ್ರೇಕಲ್ಲೇ ಓಡಿಸಿದ್ದೀನಿ, ನಂಗೇನಾಗಿದೆ?" ಅಂದ್ರು. "ನೀವು ಬೀಳದೆ ಹೋದೋರ ಕಾಲಂ, ಚಿಕ್ಕಪ್ಪ. ನಾನು ಇನ್ನೊಂದು ಕಾಲಂ" ಅಂದೆ. ಅವರು ನನ್ನ ಭುಜದ ಕಡೆ ನೋಡಿದ್ರು, ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮಗಳಿಗೆ, "ಇನ್ನೊಂದ್ ಹತ್ತು ಸಲ ಮಾಡು, ಅಕ್ಕ ಹೇಳಿದ ಹಾಗೆ" ಅಂದ್ರು.

ನಿಮಗೆ ಗಾಡಿ ಕಲಿಸಿದ್ದು ಯಾರು? ಅವರು ಹೇಳಿದ ಯಾವ ಮಾತು ಈಗ್ಲೂ ನಿಮ್ಮ ಕೈಕಾಲಲ್ಲಿ ಕೂತಿದೆ? ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ. ಅಲ್ಲೀವರೆಗೂ ಹುಷಾರಾಗಿ ಓಡಿಸಿ.