‘ಫೇರ್’ ಮತ್ತು ನ್ಯಾಯಬೆಲೆ

ಇಂಗ್ಲಿಷಿನ ‘ಫೇರ್’ ಎಂಬ ಗುಣವಾಚಕಕ್ಕೆ ಕನ್ನಡದಲ್ಲಿ ಒಂದೇ ಮಾತು ಹೇಳಿರೆಂದರೆ ಎಂತಹ ಪಂಡಿತನೂ ತಡವರಿಸಬೇಕಾದೀತು. ಫೇರ್ ಎನಿಸಿಕೊಂಡ ಹೆಣ್ಣು ಬೆಳ್ಳಗಿರುವವಳು. ಫೇರ್ ಕಾಪಿ ಚಿತ್ತುಕಾಟಿಲ್ಲದ ಶುದ್ಧಪ್ರತಿ. ಫೇರ್ ಆಟ ಮೋಸವಿಲ್ಲದ್ದು. ವಿದ್ಯಾರ್ಥಿಯ ಪ್ರಬಂಧದ ಮೇಲೆ ನಾನು ‘ಫೇರ್’ ಎಂದು ಬರೆದರೆ ಮಾತ್ರ ಅದು ಹೊಗಳಿಕೆಯಲ್ಲ. ‘ಪರವಾಗಿಲ್ಲ’ ಎಂದಷ್ಟೇ ಅರ್ಥ. ಯಶವಂತಪುರದ ರೈಲು ನಿಲ್ದಾಣದಲ್ಲಿ ನಾವು ತೆರುವ ‘ಫೇರ್’ ಆಗಲಿ, ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಇಂಗ್ಲಿಷಿನಲ್ಲಿ ಹೇಳುವ ‘ಫೇರ್’ ಆಗಲಿ ಈ ವಂಶದವಲ್ಲ. ಒಂದು ಪ್ರಯಾಣಾರ್ಥದ ಹಳೆಯ ಇಂಗ್ಲಿಷ್ ಧಾತುವಿನಿಂದ ಬಂದುದು, ಇನ್ನೊಂದು ಹಬ್ಬವೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ. ನಮ್ಮ ಲಿಪಿಯಲ್ಲಿ ಮಾತ್ರ ಮೂರಕ್ಕೂ ಒಂದೇ ವೇಷ.

ಗುಣವಾಚಕವಾದ ‘ಫೇರ್’ಗೆ ಮೊದಲಿದ್ದ ಅರ್ಥ ಚೆಲುವು. ನ್ಯಾಯಸಮ್ಮತವಾದುದು ಎಂಬ ಅರ್ಥ ಸುಮಾರು ೧೪ನೆಯ ಶತಮಾನಕ್ಕೆ ಬಂದಿತು. ಬಿಳಿಯ ಮೈಬಣ್ಣವೆಂಬ ಅರ್ಥವೂ ಮೊದಲಿನದಲ್ಲ, ಆಮೇಲೆ ಸೇರಿಕೊಂಡುದು. ಆದುದರಿಂದ ಬಿಳುಪಿನಿಂದ ನ್ಯಾಯ ಹುಟ್ಟಲಿಲ್ಲ. ಆದರೂ ಎರಡೂ ಒಂದೇ ಮಾತಿನಲ್ಲಿ ಒಕ್ಕಲಿದ್ದಾಗ ಒಂದರ ಗೌರವ ಇನ್ನೊಂದಕ್ಕೆ ಅಂಟದೆ ಇರುವುದಿಲ್ಲ. ೧೯೭೫ರಲ್ಲಿ ‘ಫೇರ್ ಅಂಡ್ ಲವ್ಲಿ’ ಎಂದು ಮಾರಾಟಕ್ಕೆ ಬಂದ ಮುಖಲೇಪನದ ಹೆಸರಿನಿಂದ ಆ ‘ಫೇರ್’ ಬಿಟ್ಟುಹೋದುದು ೨೦೨೦ರಲ್ಲಿ. ಹೆಣ್ಣು ಬೆಳ್ಳಗಿರಬೇಕೆಂಬ ಹಂಬಲವನ್ನು ಇಂಗ್ಲಿಷೇ ಕಲಿಸಿತೆಂದು ನಾನು ಹೇಳಲಾರೆ. ಅದು ನಮ್ಮಲ್ಲಿಯೂ ಉಂಟು. ಆದರೆ ಕನ್ನಡ ಮೈಬಣ್ಣಕ್ಕೂ ಧರ್ಮಕ್ಕೂ ಒಂದೇ ಮಾತನ್ನು ಕೊಡಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ಎಚ್ಚರಿಸಿಯೂ ಇದೆ.

ಭಾಷಾಂತರಕಾರನ ವಿವೇಕವನ್ನು ಕಾಣಬೇಕಾದರೆ ಪಡಿತರದ ಅಂಗಡಿಯ ಫಲಕವನ್ನು ನೋಡಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಳಕೆಗೆ ಬಂದ ‘ರೇಷನ್’ಗೆ, ದೇವಸ್ಥಾನದ ನಿತ್ಯದ ಪಡಿಯನ್ನು ಹೇಳುತ್ತಿದ್ದ ‘ಪಡಿತರ’ ಒದಗಿತು. ‘ಫೇರ್ ಪ್ರೈಸ್’ಗೆ ‘ಸಾಧಾರಣ ಬೆಲೆ’ ಎಂದರೂ ಸಲ್ಲುತ್ತಿತ್ತು, ‘ಒಳ್ಳೆಯ ಬೆಲೆ’ ಎಂದರೂ ಸಲ್ಲುತ್ತಿತ್ತು. ಆರಿಸಿದ್ದು ‘ನ್ಯಾಯಬೆಲೆ.’ ನಮ್ಮ ಹಳ್ಳಿಯ ಮಾತಿನಲ್ಲಿ ನ್ಯಾಯವೆಂದರೆ ತೀರ್ಪೂ ಹೌದು, ಪಂಚಾಯಿತಿಯ ಮುಂದೆ ಬರುವ ಜಗಳವೂ ಹೌದು. ಅಂದರೆ ನ್ಯಾಯಕ್ಕೆ ಎರಡು ಕಡೆಗಳಿರಬೇಕು.

ಬೆಲೆಯ ಆ ಎರಡು ಕಡೆಗಳೂ ಯಶವಂತಪುರದಲ್ಲಿ ಕಣ್ಣಿಗೆ ಬೀಳುತ್ತವೆ. ಮಾರುಕಟ್ಟೆಯ ಪ್ರಾಂಗಣಕ್ಕೆ ಈರುಳ್ಳಿಯ ಮೂಟೆ ತಂದ ರೈತನಿಗೆ ನ್ಯಾಯವಾದ ಬೆಲೆಯೆಂದರೆ ಅವನ ಖರ್ಚು ಕಳೆದು ಏನಾದರೂ ಉಳಿಯುವ ಬೆಲೆ; ಬೀದಿಯಲ್ಲಿ ಕೊಳ್ಳುವ ಗೃಹಿಣಿಗೆ ಅವಳ ಕೈಗೆಟಕುವ ಬೆಲೆ. ೧೯೬೬ರ ಕೃಷಿ ಮಾರುಕಟ್ಟೆಯ ಕಾಯ್ದೆ ಮೊದಲನೆಯವನ ಪರವಾಗಿ ಹುಟ್ಟಿತು, ನ್ಯಾಯಬೆಲೆ ಅಂಗಡಿ ಎರಡನೆಯವಳ ಪರವಾಗಿ. ೨೦೨೩ರಿಂದ ಆಹಾರ ಭದ್ರತಾ ಕಾಯ್ದೆಯ ಕಾರ್ಡುದಾರರಿಗೆ ಧಾನ್ಯ ಉಚಿತವಾಗಿದೆ. ಬೆಲೆ ಹೋದರೂ ಅಂಗಡಿಯ ಹೆಸರಿನಲ್ಲಿ ನ್ಯಾಯ ಉಳಿದಿದೆ.

ಅದು ಉಳಿದಿರುವುದು ಒಳ್ಳೆಯದು. ಫಲಕದ ಮೇಲೆ ‘ಫೇರ್’ ಎಂದಷ್ಟೇ ಇದ್ದಿದ್ದರೆ ಅಕ್ಷರ ಬಾರದ ಮುದುಕಿಗೆ ಅದರಿಂದ ಯಾವ ಪ್ರಯೋಜನವೂ ಇರಲಿಲ್ಲ. ಈಗ ತೂಕದಲ್ಲಿ ಕಡಿಮೆಯಾದರೆ, “ಇದ್ಯಾವ ನ್ಯಾಯಾನಪ್ಪ?” ಎಂದು ಅವಳು ಕೇಳಬಲ್ಲಳು. ಅಂಗಡಿಯವನು ತನ್ನ ಫಲಕಕ್ಕೇ ಉತ್ತರ ಹೇಳಬೇಕಾಗುತ್ತದೆ.